ನನ್ನ ಗೆರೆ ಮುಟ್ಟಬೇಡಿ

ಬದಲಾವಣೆ ಜಗದ ನಿಯಮ ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಬೇರೆಯವರ ಸಾಮಾನು ಬದಲಾಯಿಸಲು ಹೊರಟವರಾಗಿರುತ್ತಾರೆ ಎಂಬುದು ನನ್ನ ಅನುಭವ. ಮನೆಯಲ್ಲಿ ಕಾಲು ಮುರಿದ ಕುರ್ಚಿಗೆ ಇಟ್ಟಿಗೆ ಕೊಟ್ಟು ಕೂರುವ ಮಹನೀಯರೇ ನನ್ನ ಹತ್ತಿರ ಬಂದು, "ಇನ್ನೂ ಪೇಪರ್ ಮೇಲೇ ಬರೀತೀರಾ?" ಎಂದು ಕನಿಕರದಿಂದ ಕೇಳುತ್ತಾರೆ. ಹೌದು ಸ್ವಾಮಿ, ಪೇಪರ್ ಮೇಲೇ ಬರೆಯುತ್ತೇನೆ. ಪೆನ್ಸಿಲಿನಲ್ಲೇ ಬರೆಯುತ್ತೇನೆ. ಹಳೇ ಕಾಲದವನು ಎನ್ನಿ, ಮೊಂಡ ಎನ್ನಿ, ನನಗೇನೂ ಬೇಜಾರಿಲ್ಲ. ಮೊಂಡುತನ ನಮ್ಮ ಮನೆತನದ ಆಸ್ತಿ. ಪಾಲಾದಾಗ ತೆಂಗಿನ ತೋಟ ಅಣ್ಣಂದಿರ ಕಡೆಗೆ ಹೋಯಿತು, ಇದು ಪೂರ್ತಿ ನನಗೇ ಬಂತು.

ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ ಇದೆ. ಸ್ಟುಡಿಯೋ ಎಂಬ ಬೋರ್ಡು ಓದಿ, ತಲೆ ಬಾಚಿಕೊಂಡು, ಫೋಟೊ ತೆಗೆಸಿಕೊಳ್ಳಲು ಮೆಟ್ಟಿಲು ಹತ್ತಿ ಬರುವವರು ಈಗಲೂ ಇದ್ದಾರೆ. ನಾವು ಮಾಡುವುದು ಕೈಯಲ್ಲಿ ಬರೆದ ಚಿತ್ರಗಳನ್ನು ಓಡಾಡಿಸುವ ಕೆಲಸ. ಶಾಲೆಗಳಿಗೆ ಕಥೆ, ಮಠಕ್ಕೆ ಶರಣರ ಚರಿತ್ರೆ, ಎಣ್ಣೆ ಗಿರಣಿಗೆ ನಗುವ ತೆಂಗಿನಕಾಯಿ, ಹೀಗೆ. ನಾವು ಅಂದರೆ ನಾನು ಮತ್ತು ನನ್ನ ಹೆಂಡತಿ ಗಿರಿಜ. ಒಬ್ಬ ಮನುಷ್ಯ ಕೈ ಎತ್ತಬೇಕಾದರೆ, ಕೈ ಕೆಳಗಿರುವ ಚಿತ್ರವನ್ನೂ ಮೇಲೆ ಹೋದ ಚಿತ್ರವನ್ನೂ ನಾನು ಬರೆಯುತ್ತೇನೆ. ನಡುವೆ ಕೈ ಸ್ವಲ್ಪ ಸ್ವಲ್ಪವೇ ಏರುವ ಅಷ್ಟೂ ಚಿತ್ರಗಳು ಗಿರಿಜಳವು. ನನ್ನ ಹಾಳೆಗಳನ್ನು ಹೊಸ ಹಾಳೆಗೆ ಚೊಕ್ಕಟವಾಗಿ ಇಳಿಸುವುದು, ಸ್ಕ್ಯಾನ್ ಮಾಡುವುದು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಜೋಡಿಸುವುದು, ಎಲ್ಲ ಅವಳೇ. ನಮ್ಮ ಸಂಸಾರ ನಡೆದಿರುವುದೂ ಹೀಗೇ. ಶುರು ಮಾಡುವವನು ನಾನು, ಮುಗಿಯಿತು ಎಂದು ಘೋಷಿಸುವವನು ನಾನು, ನಡುವಿನದೆಲ್ಲ ಅವಳದು.

ಜೋಡಿಸುವ ಕೆಲಸಕ್ಕೆ ನಮ್ಮಲ್ಲಿ ಒಂದು ಹಳೆಯ ಸಾಫ್ಟ್‌ವೇರ್ ಇತ್ತು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅದಿದ್ದ ಕಂಪ್ಯೂಟರಿಗೆ ಗಿರಿಜ ದಿನಾ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೆಯೇ ಸ್ವಿಚ್ ಹಾಕುತ್ತಿದ್ದಳು. ಈ ಮಳೆಗಾಲದಲ್ಲಿ ಒಂದು ದಿನ, ಹೋದ ಕರೆಂಟು ತಿರುಗಿ ಬರುವಾಗ ಎಷ್ಟು ಜೋರಾಗಿ ಬಂತೆಂದರೆ ವಿಭೂತಿಗೂ ಬಗ್ಗಲಿಲ್ಲ. ಹಳೆಯದು ಸುಟ್ಟುಹೋಗಿ ಹೊಸ ಕಂಪ್ಯೂಟರ್ ತಂದೆವು. ಅದು ಹಳೆಯ ಸಾಫ್ಟ್‌ವೇರನ್ನು ಮನೆಯೊಳಗೇ ಸೇರಿಸಲಿಲ್ಲ. ಇತ್ತ, ಹುಲಿಕೆರೆಯ ಹೊಯ್ಸಳರ ಕಾಲದ ಕೊಳದ ಬಗ್ಗೆ ಒಂದು ಚಿತ್ರ ಮಾಡಿಕೊಡುತ್ತೇವೆಂದು ಬೇಲೂರಿನ ಒಂದು ಶಾಲೆಗೆ ಮಾತು ಕೊಟ್ಟಾಗಿತ್ತು. ಕೊಳದ ಮೆಟ್ಟಿಲ ಮೇಲೆ ಕೂತ ಅಜ್ಜಿಯೊಬ್ಬಳು ಬಿಂದಿಗೆ ಎತ್ತಿಕೊಂಡು ಏಳುವುದು ಅದರ ಮೊದಲ ದೃಶ್ಯ. ಅಜ್ಜಿ ಹಾಳೆಯ ಮೇಲೆ ಸಿದ್ಧವಾಗಿ ಕೂತಿದ್ದಳು, ಎಬ್ಬಿಸಲು ನಮ್ಮಲ್ಲಿ ಏನೂ ಇರಲಿಲ್ಲ.

ಹೊಸ ಸಾಫ್ಟ್‌ವೇರ್ ಹುಡುಕುತ್ತಿದ್ದೇವೆ ಎಂಬ ಸುದ್ದಿ ಹರಡಿದ್ದೇ ತಡ, ಸಲಹೆಗಳು ಬಂದವು. ಕೆಳಗಿನ ಮಂಡಿಯ ಸಿದ್ದಪ್ಪನವರಂತೂ ಚಿಂತೆಗೇ ಬಿದ್ದರು. "ಅಲ್ಲಾ ಸಾರ್, ಕಾಯಿ ಆದ್ರೆ ಅಲ್ಲಾಡ್ಸಿ ನೋಡ್ತೀವಿ, ಒಳಗೆ ಗಡಗಡ ಅಂದ್ರೆ ಕೊಬ್ಬರಿ ಆಗೈತೆ ಅಂತ. ಇದನ್ನ ಹೆಂಗೆ ನೋಡ್ತೀರಾ?" ನನಗೆ ಅದು ದೊಡ್ಡ ಪ್ರಶ್ನೆ ಎನ್ನಿಸಿತು. ಯೋಚಿಸಿ, ನಮ್ಮ ಅಜ್ಜಿಯನ್ನು ನೆಟ್ಟಗೆ ಎಬ್ಬಿಸುವ ಸಾಫ್ಟ್‌ವೇರೇ ನಮ್ಮದು ಎಂದು ತೀರ್ಮಾನಿಸಿದೆ.

ಹಾಸನದ ಕಂಪ್ಯೂಟರ್ ವ್ಯಾಪಾರಿ ಮಂಜುನಾಥ ದೊಡ್ಡ ಬ್ಯಾಗು ಹೊತ್ತು ಬಂದರು. ಗಾಜಿನ ಹಲಗೆಯಂಥದ್ದೊಂದನ್ನು ನನ್ನ ಮುಂದಿಟ್ಟು, "ಸಾರ್, ಪೇಪರೇ ಬೇಡ. ಫಸ್ಟ್ ಡ್ರಾಯಿಂಗ್, ಲಾಸ್ಟ್ ಡ್ರಾಯಿಂಗ್ ಇದರಲ್ಲಿ ಹಾಕಿ ಸಾಕು. ಮಧ್ಯದ್ದೆಲ್ಲ ಅದೇ ಮಾಡ್ಕೊಳ್ಳುತ್ತೆ. ಮೇಡಂಗೆ ಫುಲ್ ರೆಸ್ಟ್," ಎಂದರು.

ಗಿರಿಜಳ ಪೆನ್ಸಿಲು ನಿಂತಿತು. "ನನಗೆ ರೆಸ್ಟ್ ಕೊಡಿ ಅಂತ ನಿಮ್ಮನ್ನ ಕೇಳ್ದೋರು ಯಾರು?"

ಮಂಜುನಾಥ ನನ್ನ ಕಡೆ ತಿರುಗಿದರು. ನಾನು ಅಜ್ಜಿ ಕೂತದ್ದೊಂದು, ಎದ್ದು ನಿಂತದ್ದೊಂದು, ಎರಡು ಚಿತ್ರ ಬರೆದೆ. ಬರೆದ ಮೇಲೆ ಹಾಳೆಗಳನ್ನು ಹಿಂದೆ ಮುಂದೆ ಮಗುಚಿ ಚಲನೆ ನೋಡುವುದು ನಮ್ಮ ಕಸುಬಿನವರ ಅಭ್ಯಾಸ. ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ಒತ್ತಿ ಗಾಜಿನ ಮೂಲೆಯನ್ನು ಎತ್ತಲು ಹೋದೆ. ಹಲಗೆ ಮಗುಚಲಿಲ್ಲ, ಎಂಜಲಾಯಿತು. ಮಂಜುನಾಥ ಕರವಸ್ತ್ರ ತೆಗೆದು ಒರೆಸಿದರು. ಗಿರಿಜ ಕಿಟಕಿಯ ಕಡೆ ಮುಖ ಮಾಡಿ ನಕ್ಕಳೆಂದು ಅವಳ ಭುಜ ನೋಡಿದರೇ ತಿಳಿಯುತ್ತಿತ್ತು.

ಕೊನೆಗೆ ಅಜ್ಜಿ ಎದ್ದಳು. ಎದ್ದಳು ಎನ್ನುವುದಕ್ಕಿಂತ ಏರಿದಳು. ಮೊದಲ ಚಿತ್ರಕ್ಕೂ ಕೊನೆಯ ಚಿತ್ರಕ್ಕೂ ನಡುವೆ ಯಾವ ಆಯಾಸವೂ ಇಲ್ಲದೆ, ಬಿಂದಿಗೆ ಸಮೇತ ನುಣ್ಣಗೆ ಮೇಲಕ್ಕೆ ಬಂದಳು. "ನೋಡಿ ಸಾರ್, ಎಷ್ಟು ಸ್ಮೂತು!" ಎಂದರು ಮಂಜುನಾಥ.

"ಏನ್ ಸ್ಮೂತೋ," ಎಂದು ಗಿರಿಜ ಎದ್ದು ಬಂದಳು. "ಈ ವಯಸ್ಸಲ್ಲಿ ಹಿಂಗೆ ಎದ್ರೆ, ಅಜ್ಜಿ ಮೈಮೇಲೆ ದೇವ್ರು ಬಂತು ಅಂತ ಜನ ಅಡ್ಡ ಬೀಳ್ತಾರೆ. ಮೊದ್ಲು ಮಂಡಿ ಮೇಲೆ ಕೈ ಊರ್ಬೇಕು ಕಣ್ರೀ. ಆಮೇಲೆ 'ಅಯ್ಯೋ ಶಿವನೇ' ಅನ್ಬೇಕು. ಆಮೇಲೆ ಸೊಂಟ ಏಳೋದು. ಮುಖ ಎಲ್ಲಾದಕ್ಕಿಂತ ಕೊನೇಗೆ."

ಅಲ್ಲಿಗೇ ಬಿಟ್ಟಿದ್ದರೆ ಮಂಜುನಾಥ ಕಾಫಿ ಕುಡಿದುಕೊಂಡು ಹೋಗುತ್ತಿದ್ದರು. ಆದರೆ ವ್ಯಾಪಾರಿ ಅಲ್ಲವೇ, ಇನ್ನೊಂದು ಗುಣ ತೋರಿಸಿದರು. "ಬಿಡಿ ಮೇಡಂ, ಅದನ್ನ ಆಫ್ ಮಾಡ್ಬಹುದು. ಇದು ನೋಡಿ ಸಾರ್, ನಿಮ್ಮ ಗೆರೆ ಸ್ವಲ್ಪ ಶೇಕ್ ಆದ್ರೂ ಇದೇ ನೀಟ್ ಮಾಡುತ್ತೆ."

ಗಿರಿಜ ಮೇಜಿಗೆ ವಾಪಸು ಹೋಗಿ, ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಹೆರೆಯತೊಡಗಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. "ನನ್ನ ಗೆರೆ ಶೇಕ್ ಆಗುತ್ತಾ? ಹಳೇಬೀಡಿಗೆ ಹೋಗಿ ಗೋಡೆ ಮೇಲಿನ ಆನೆಸಾಲು ನೋಡ್ಕೊಂಡು ಬನ್ನಿ ಸ್ವಾಮಿ. ಒಂದರ ಹಾಗೆ ಇನ್ನೊಂದಿಲ್ಲ. ಮೊದಲನೇ ಆನೆ, ಕೊನೇ ಆನೆ ಕೆತ್ತಿ, ಮಧ್ಯದ್ದು ಅದೇ ಮಾಡ್ಕೊಳ್ಳುತ್ತೆ ಅಂತ ಶಿಲ್ಪಿಗಳು ಮನೆಗೆ ಹೋಗಿದ್ರೆ ಇವತ್ತು ಯಾರು ಬಸ್ ಹತ್ಕೊಂಡು ಬರ್ತಿದ್ರು? ನನ್ನ ಗೆರೆ ಸೊಟ್ಟಗಿದ್ರೆ ಸೊಟ್ಟಗೇ ಇರ್ಲಿ. ಅದನ್ನ ಮುಟ್ಟೋ ಸಾಫ್ಟ್‌ವೇರು ಈ ಮೆಟ್ಟಿಲು ಹತ್ತಕೂಡದು!" ನನ್ನ ಸದ್ದಿಗೆ ಕೆಳಗೆ ಮಂಡಿಯಲ್ಲಿ ತೂಕವೇ ನಿಂತಿತಂತೆ. ಆಮೇಲೆ ಸಿದ್ದಪ್ಪನವರು ಹೇಳಿದರು.

ಕೊನೆಗೆ ಗಿರಿಜಳೇ ಒಂದನ್ನು ಹುಡುಕಿದಳು. ಯಾವ ಯಾವುದೋ ದೇಶದವರು ಸೇರಿ ಮಾಡಿ ಪುಕ್ಕಟೆ ಹಂಚುತ್ತಿರುವ ಸಾಫ್ಟ್‌ವೇರು. ಹಾಳೆಗಳು ಜರುಗದಿರಲೆಂದು ನಾವು ಅಂಚಿಗೆ ಹೊಡೆಯುವ ತೂತುಗಳನ್ನು ಗುರುತು ಹಿಡಿದು ಅವನ್ನು ಒಂದರ ಮೇಲೊಂದು ಕೂರಿಸುತ್ತದೆ, ಹೇಳಿದ ಬಣ್ಣ ತುಂಬುತ್ತದೆ, ಮಿಕ್ಕಂತೆ ತನ್ನ ಬುದ್ಧಿ ಉಪಯೋಗಿಸುವುದಿಲ್ಲ. ಯುದ್ಧ ಗೆದ್ದವನ ಹಾಗೆ ಊರೆಲ್ಲ ಹೇಳಿಕೊಂಡು ಬಂದೆ. ಮಾರನೆಯ ದಿನ ಗಿರಿಜ ಗೃಹಪ್ರವೇಶಕ್ಕೆಂದು ತವರಾದ ಹಾರನಹಳ್ಳಿಗೆ ಹೋಗಿದ್ದಳು. ಅವಳು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನಡುವಿನ ಚಿತ್ರಗಳು ಆಮೇಲೆ ಸೇರಲಿ ಎಂದು, ಮೇಜಿನ ಮೇಲಿದ್ದ ನನ್ನ ಹಾಳೆಗಳನ್ನಷ್ಟೇ ನಾನೇ ಸ್ಕ್ಯಾನ್ ಮಾಡಿ ಜೋಡಿಸಿ ಓಡಿಸಿದೆ.

ಅಜ್ಜಿ ನಡುಗುತ್ತಿದ್ದಳು. ಅಜ್ಜಿ ನಡುಗಲಿ, ವಯಸ್ಸಾಗಿದೆ. ಬಿಂದಿಗೆ ನಡುಗುತ್ತಿತ್ತು. ಇಷ್ಟು ಶತಮಾನ ಅಲುಗದ ಹುಲಿಕೆರೆಯ ಕಲ್ಲಿನ ಮೆಟ್ಟಿಲುಗಳು ಗಡಗಡ ನಡುಗುತ್ತಿದ್ದವು. ಸಾಯಂಕಾಲ ಗಿರಿಜ ಬಸ್ಸಿಳಿದು ಬರುತ್ತಲೇ ಕೂಗಾಡಿದೆ. "ಪುಕ್ಕಟೆ ಸಿಕ್ಕಿದ್ದಕ್ಕೆ ಇದೇ ಗತಿ ಕಣೇ! ನನ್ನ ಗೆರೆಗಳನ್ನೆಲ್ಲ ಹಾಳುಮಾಡಿದೆ!"

ಅವಳು ಬಗ್ಗಿ ನೋಡಿ, ಹಾಳೆ ಎತ್ತಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೇನೂ ಹಾಳು ಮಾಡಿಲ್ಲ ಕಣ್ರೀ. ಇವು ನೀವು ಬರ್ದಿದ್ದ ಹಾಳೆ. ನಾನು ತಿದ್ದಿದ್ದು ಬೀರುನಲ್ಲೈತೆ."

"ತಿದ್ದಿದ್ದು ಅಂದ್ರೆ?"

"ನಿಮ್ಮ ಕೈ ನಡುಗೋಕೆ ಶುರುವಾಗಿ ಎಷ್ಟೋ ವರ್ಷ ಆಯ್ತು. ಹೊಸ ಹಾಳೆಗೆ ಇಳಿಸೋವಾಗ ನೆಟ್ಟಗೆ ಮಾಡ್ತಾ ಬಂದಿದೀನಿ."

"ಹೇಳಬಾರದಾಗಿತ್ತಾ?"

"ಹೇಳಿದ್ರೆ ಪೆನ್ಸಿಲ್ ಕೆಳಗಿಡ್ತಿದ್ರಿ."

ನನಗೆ ಬಹಳ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಎರಡೂ ಒಟ್ಟಿಗೇ ಬಂದವು. ಬೀರು ತೆರೆದು ಅವಳ ಹಾಳೆಗಳನ್ನು ಕೊಟ್ಟೆ. ಅವಳು ಸ್ಕ್ಯಾನ್ ಮಾಡಿ ಜೋಡಿಸಿ ಓಡಿಸಿದಳು. ಅಜ್ಜಿ ಮಂಡಿಯ ಮೇಲೆ ಕೈಯೂರಿ, ಶಿವನನ್ನು ನೆನೆದು, ಸೊಂಟ ಎತ್ತಿ, ಎಲ್ಲಕ್ಕಿಂತ ಕೊನೆಗೆ ಮುಖ ಎತ್ತಿ ನಮ್ಮನ್ನು ನೋಡಿದಳು. ಮೆಟ್ಟಿಲುಗಳು ಅಲುಗಲಿಲ್ಲ.

ನಾಲ್ಕಾರು ದಿನ ಬಿಟ್ಟು ಮಂಜುನಾಥ ಫೋನ್ ಮಾಡಿದರು. "ಸಾರ್, ಆ ಗೆರೆ ನೀಟ್ ಮಾಡೋದು ಮಾತ್ರ ಬೇರೆಯಾಗಿ ಕೊಡ್ತಿದ್ದಾರೆ, ಬೇಕಾ?"

"ಬೇಡ. ಅದು ನಮ್ಮ ಸ್ಟುಡಿಯೋದಲ್ಲಿ ಮೊದಲಿಂದಲೂ ಇದೆ," ಎಂದೆ, ಗಿರಿಜಳಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಹೌದಾ ಸಾರ್? ಯಾವ ಕಂಪನಿದು?"

"ಹಾರನಹಳ್ಳಿದು," ಎಂದು ಫೋನಿಟ್ಟೆ.

ಗಿರಿಜ ತಲೆ ಎತ್ತಲಿಲ್ಲ. ನನ್ನ ಹಾಳೆಯ ಮೇಲೆ ಹೊಸ ಹಾಳೆ ಹಾಸಿಕೊಂಡು, "ರೀ, ಬಿಂದಿಗೆ ಬಾಯಿ ಇವತ್ತೂ ಸೊಟ್ಟಗಿದೆ," ಎಂದಳು.

"ಅದು ಬೇಕೂಂತಲೇ ಹಾಗೆ ಬರೆದಿದ್ದು. ಮುಟ್ಟಬೇಡ," ಎಂದೆ.

"ಆಗ್ಲಿ," ಎಂದು ಅವಳು ರಬ್ಬರ್ ಕೈಗೆ ತೆಗೆದುಕೊಂಡಳು.