ಆಮೆಯ ವರ್ಗಾವಣೆ

ಹೆಂಡತಿ ಬೆಳಿಗ್ಗೆ ಹೊಸ್ತಿಲು ದಾಟುವಾಗ ಒಪ್ಪಿಸಿ ಹೋದದ್ದು ಒಂದೇ ಒಂದು ಕೆಲಸ.

"ರೀ, ಆಮೆಗೆ ಯಾಕೋ ಗುಡ್ಡ ಬೇಜಾರಾಗಿದೆ. ಸಂಜೆ ಆರರೊಳಗೆ ಅದನ್ನ ಕೆರೆದಂಡೇಲಿ ಖಾಲಿ ಇರೋ ಮನೆಗೆ ಸೇರಿಸ್ಬಿಡಿ. ಇಲ್ಲಾಂದ್ರೆ ಗಂಟುಮೂಟೆ ಕಟ್ಕೊಂಡು ಹೊರಟೇ ಹೋಗತ್ತೆ. ನಂಗೆ ಇವತ್ತು ಟೀಚರ್ಸ್ ಟ್ರೈನಿಂಗು, ಫೋನ್ ಮುಟ್ಟೋ ಹಾಗಿಲ್ಲ. ಇದೊಂದು ಮಾಡಿ, ಬೇರೆ ಏನೂ ಮುಟ್ಬೇಡಿ."

ಆಮೆ ಎಂದರೆ ನಿಜವಾದ ಆಮೆಯಲ್ಲ, ಟ್ಯಾಬ್ಲೆಟ್ಟಿನ ಆಟದೊಳಗಿನದು. ಅದರಲ್ಲೊಂದು ದ್ವೀಪ. ದ್ವೀಪದಲ್ಲಿ ಗುಡ್ಡ, ಕಾಡು, ಹುಲ್ಲುಗಾವಲು, ಕೆರೆದಂಡೆ. ಒಂದೊಂದು ಕಡೆ ಆರಾರು ಮನೆ, ಮನೆಗೊಂದು ಪ್ರಾಣಿ. ಆಟವೇ ಆಗಿರಲಿ, ನಾಲ್ಕು ವರ್ಷದ ಹಿಂದೆ ಅವಳು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದಾಗ ಹಗಲೆಲ್ಲ ಜೊತೆಗಿದ್ದದ್ದು ಈ ಆಮೆ. ಗಂಡ ಆಫೀಸಿನಲ್ಲಿದ್ದ. ಈ ಮಾತನ್ನು ಅವಳು ಇಂದಿಗೂ ತಿಂಗಳಿಗೊಮ್ಮೆಯಾದರೂ ಎತ್ತುತ್ತಾಳೆ. ಅಂಥ ಆಮೆ ಕೈಬಿಟ್ಟು ಹೋದರೆ ಮನೆಯಲ್ಲಿ ತನ್ನ ಗತಿ ಏನಾಗುತ್ತದೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಅವನಿಗೇನು ಭಯ? ಅವನು ದೊಡ್ಡ ಇಲಾಖೆಯೊಂದರ ವರ್ಗಾವಣೆ ವಿಭಾಗದ ಗುಮಾಸ್ತ. ಹದಿನೇಳು ವರ್ಷದಿಂದ ಜನರನ್ನು ಒಂದೂರಿಂದ ಇನ್ನೊಂದೂರಿಗೆ ಎತ್ತಿಹಾಕುವುದೇ ಕಸುಬು. ಒಂದು ಆಮೆ ಯಾವ ಮಹಾ ಎಂದುಕೊಂಡು, ಹನ್ನೊಂದು ಗಂಟೆಗೆ ಫೈಲುಗಳ ಮರೆಯಲ್ಲಿ ಟ್ಯಾಬ್ಲೆಟ್ ತೆರೆದ. ಆಮೆಯನ್ನು ಒತ್ತಿದರೆ ಎರಡು ಬಟನ್ ಬಂದವು: 'ಮನೆ ಬದಲಿಸಿ', 'ಬೀಳ್ಕೊಡಿ'. ಬೆರಳು ಮೊದಲನೆಯದರ ಕಡೆ ಹೊರಟಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಹೆಡ್ ಕ್ಲರ್ಕ್ ಗಂಟಲು ಸರಿಮಾಡಿಕೊಂಡರು.

"ಏನಯ್ಯಾ, ಇಷ್ಟು ವರ್ಷ ಸರ್ವೀಸಾಗಿ ಇದೂ ಗೊತ್ತಿಲ್ವಾ? ಹಳೇ ಜಾಗದಿಂದ ರಿಲೀವ್ ಮಾಡ್ದೆ ಹೊಸ ಜಾಗಕ್ಕೆ ಅದು ಹಾಜರಾಗೋದಾದ್ರೂ ಹೇಗೆ? ಮೊದ್ಲು ಬಿಡುಗಡೆ, ಆಮೇಲೆ ಪೋಸ್ಟಿಂಗು."

"ಹೌದಲ್ವಾ ಸಾರ್!" ಎಂದ ಗುಮಾಸ್ತ. ಹದಿನೇಳು ವರ್ಷದ ಅಭ್ಯಾಸ ನೋಡಿ, 'ಬೀಳ್ಕೊಡಿ' ಒತ್ತಿಯೇಬಿಟ್ಟ.

ಆಮೆ ಒಮ್ಮೆ ಕಣ್ಣು ಪಿಳುಕಿಸಿತು. ಬಾಗಿಲಿಗೆ ಬೀಗ ಹಾಕಿ, ಟ್ರಂಕು ಎತ್ತಿಕೊಂಡು, ದೋಣಿಕಟ್ಟೆಗೆ ನಡೆಯಿತು. ಹನ್ನೆರಡು ನಿಮಿಷ ನಡೆಯಿತು. ಪರದೆಯ ಮೇಲೆ ಅಕ್ಷರ ಮೂಡಿತು: 'ಈ ನಿವಾಸಿ ಸಂಜೆ ಆರರ ದೋಣಿಗೆ ಹೊರಡಲಿದ್ದಾರೆ. ಅಷ್ಟರೊಳಗೆ ಮನೆ ಸೇರಿದರೆ ಉಳಿಯುತ್ತಾರೆ.'

"ಸದ್ಯ, ಈಗ್ಲೇ ಸೇರಿಸ್ತೀನಿ," ಎಂದು ಗುಮಾಸ್ತ ಬೆವರು ಒರೆಸಿಕೊಂಡ.

"ಅಯ್ಯೋ, ಸ್ವಲ್ಪ ಮನುಷ್ಯತ್ವ ಇರ್ಲಿ," ಎಂದಳು ಪಕ್ಕದ ಮೇಜಿನ ಟೈಪಿಸ್ಟ್. "ಈಗಷ್ಟೇ ಬಂದು ಕೂತಿದೆ ಪಾಪ. ಜಾಯಿನಿಂಗ್ ಟೈಮ್ ಅಂತ ಇಲ್ವಾ ಅದಕ್ಕೆ? ಊಟ ಆದ್ಮೇಲೆ ಮಾಡಿ."

ಇಡೀ ವಿಭಾಗ ಇದು ನ್ಯಾಯ ಎಂದಿತು. ಊಟ ಮುಗಿಸಿ ಬಂದು ನೋಡಿದರೆ, ಕೆರೆದಂಡೆಯ ಖಾಲಿ ಮನೆಯಲ್ಲಿ ಬಿಳಿ ಬಾತುಕೋಳಿಯೊಂದು ಹಾಡಿಕೊಳ್ಳುತ್ತ ಕಿಟಕಿಗೆ ಪರದೆ ಕಟ್ಟುತ್ತಿತ್ತು. ಒಂದು ಗಂಟೆಯ ದೋಣಿಯಲ್ಲಿ ಬಂದಿಳಿದಿತ್ತಂತೆ. ಗುಮಾಸ್ತ ಗಡಬಡಿಸಿ ಬೇರೆ ಮನೆ ಹುಡುಕಿದ. ಗುಡ್ಡದ ಮನೆ ನೋಡಿದ, ಅಲ್ಲೂ ಹೊಸ ನರಿ. ಉಳಿದದ್ದು ಕಾಡಿನಲ್ಲೊಂದು ಖಾಲಿ ಮನೆ. ಕಾಡಿಗೆ ಆಮೆ ಕಾಲಿಡುವುದಿಲ್ಲವೆಂದು ಆಟವೇ ಹೇಳಿತು.

"ಇದ್ರಲ್ಲೇನಿದೆ? ಬಾತುಕೋಳೀನ ಕಾಡಿಗೆ ಹಾಕು," ಎಂದರು ಹೆಡ್ ಕ್ಲರ್ಕ್.

ಹಾಕಿದ. ಬಾತುಕೋಳಿ ಗೊಣಗುತ್ತ ಹೋಯಿತು. ಕೆರೆದಂಡೆಯ ಮನೆ ಆಮೆಗೆಂದು ಗುರುತಾಯಿತು, ಆಮೆ ಟ್ರಂಕು ಎತ್ತಿ ಹೊರಟಿತು. ಮತ್ತೆ ಅದೇ ಹನ್ನೆರಡು ನಿಮಿಷದ ನಡಿಗೆ. ಇನ್ನೇನು ಹತ್ತು ಹೆಜ್ಜೆ ಇದೆ ಎನ್ನುವಾಗ ಕಿಟಕಿಯಲ್ಲಿ ಬಾತುಕೋಳಿಯ ಕತ್ತು ಕಾಣಿಸಿತು! ಯಾವ ಮಾಯದಲ್ಲೋ ವಾಪಸ್ ಬಂದು ಕೂತಿತ್ತು. ಆಮೆ ನಿಂತಲ್ಲೇ ತಿರುಗಿ ಕಟ್ಟೆಯ ದಾರಿ ಹಿಡಿಯಿತು.

ಎರಡನೇ ಸಲವೂ ಹೀಗೇ ಆಯಿತು. ಮೂರನೇ ಸಲವೂ. ನಾಲ್ಕನೇ ಸಲದ ಹೊತ್ತಿಗೆ ಇಡೀ ವಿಭಾಗ ಕುರ್ಚಿ ಎಳೆದುಕೊಂಡು ಬಂದು ಟ್ಯಾಬ್ಲೆಟ್ಟಿನ ಸುತ್ತ ಕೂತಿತ್ತು. ಅಸಲಿ ವರ್ಗಾವಣೆಗೆ ಅರ್ಜಿ ಹಿಡಿದು ಬಂದವರೂ ಅರ್ಜಿ ಮಡಿಚಿಟ್ಟು ಇಣುಕಿದರು.

"ಇದು ಸಾಮಾನ್ಯ ಬಾತುಕೋಳಿ ಅಲ್ಲ ಕಣ್ರೀ," ಹೆಡ್ ಕ್ಲರ್ಕ್ ದನಿ ತಗ್ಗಿಸಿದರು. "ಆರ್ಡರ್ ಆದ ಹತ್ತೇ ನಿಮಿಷಕ್ಕೆ ಕ್ಯಾನ್ಸಲ್ ಮಾಡಿಸ್ಕೊಂಡು ಬರತ್ತೆ ಅಂದ್ರೆ, ಮೇಲೆ ಯಾರೋ ದೊಡ್ಡವರು ಇದ್ದಾರೆ."

"ನಮ್ಮಲ್ಲೂ ಅಂಥವ್ರು ಇಲ್ವಾ ಸಾರ್," ಎಂದು ಟೈಪಿಸ್ಟ್ ನಿಟ್ಟುಸಿರಿಟ್ಟಳು.

ಏಳನೇ ಸಲ ಮುಗಿದಾಗ ಗಂಟೆ ಐದೂವರೆ. ಆಮೆ ಕಟ್ಟೆಯ ಮೇಲೆ ಟ್ರಂಕಿಗೆ ಒರಗಿ ಕೂತಿತ್ತು. ನಡೆದೂ ನಡೆದೂ ಅದರ ಚಿಪ್ಪೇ ಸವೆದಂತೆ ಗುಮಾಸ್ತನಿಗೆ ಕಂಡಿತು. ಅವನಿಗೆ ಅಳುವೇ ಬಂತು. "ಸಾರ್, ಇದು ಹೋದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ ಸಾರ್!"

ಹೆಡ್ ಕ್ಲರ್ಕ್ ಎದ್ದು ನಿಂತರು. "ಮಾತು ಕೇಳ್ದೇ ಇರೋರಿಗೆ ಒಂದೇ ಮದ್ದು. ಸೇವೆಯಿಂದ ವಜಾ! ಒತ್ತು, ನಾನಿದೀನಿ."

ಗುಮಾಸ್ತ ಕಣ್ಣು ಮುಚ್ಚಿ ಬಾತುಕೋಳಿಯನ್ನು ಬೀಳ್ಕೊಟ್ಟ. ಈ ಸಲ ಅದು ವಾಪಸ್ ಬರಲಿಲ್ಲ. ಆರಕ್ಕೆ ಐದು ನಿಮಿಷವಿರುವಾಗ ಆಮೆ ಕೆರೆದಂಡೆಯ ಮನೆಯ ಬಾಗಿಲು ತೆರೆದು ಒಳಗೆ ಹೋಯಿತು. ವಿಭಾಗವೆಲ್ಲ ಚಪ್ಪಾಳೆ ತಟ್ಟಿತು. ಆರರ ದೋಣಿ ಬಾತುಕೋಳಿಯನ್ನು ಹತ್ತಿಸಿಕೊಂಡು ಹೊರಟಿತು.

ಗೆದ್ದ ಕುದುರೆಯಂತೆ ಮನೆಗೆ ಬಂದ. ಹೆಂಡತಿ ಆಗಲೇ ಬಂದು ಫೋನನ್ನು ಚಾರ್ಜಿಗೆ ಹಾಕಿ ಅದರ ಮುಂದೆಯೇ ಕೂತಿದ್ದಳು.

"ಆಮೆ ಕೆರೆದಂಡೇಲಿ ಇದೆ," ಎಂದ, ಎದೆಯುಬ್ಬಿಸಿ.

"ಕೆರೆದಂಡೇಲಾ? ಅಯ್ಯೋ, ಅಲ್ಲಿ ನನ್ನ ಬಾತುಕೋಳಿ ಇತ್ತಲ್ರೀ!" ಅವಳು ಎದ್ದೇಬಿಟ್ಟಳು. "ಮಧ್ಯಾಹ್ನ ಮೇಜಿನ ಕೆಳಗೆ ಕದ್ದು ಫೋನಲ್ಲೇ ದ್ವೀಪ ತೆಗೆದು ನೋಡ್ತೀನಿ, ಬಿಳಿ ಬಾತುಕೋಳಿ ಬಂದಿದೆ! ಎಂಥ ಅಪರೂಪದ್ದು ಗೊತ್ತಾ? ಎರಡು ವರ್ಷದಿಂದ ಕಾಯ್ತಿದ್ದೆ. ಯಾಕೋ ಅದಕ್ಕೆ ಮನೆ ಒಗ್ಗಲೇ ಇಲ್ಲ, ಮತ್ತೆ ಮತ್ತೆ ಕಾಡಿಗೆ ಓಡ್ತಿತ್ತು. ಏಳು ಸಲ ವಾಪಸ್ ತಂದು ಕೂರಿಸ್ದೆ. ಐದೂವರೆಗೆ ಫೋನ್ ಸತ್ತೋಯ್ತು."

ಗುಮಾಸ್ತ ಟ್ಯಾಬ್ಲೆಟ್ಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. "ಮತ್ತೆ... ಆಮೆ?"

"ಕಟ್ಟೆ ಮೇಲೆ ಕೂತಿತ್ತು. ನೀವು ಮರೆತಿರ್ತೀರ ಅಂತ ಗೊತ್ತಾಯ್ತು. ನಮ್ಮಕ್ಕನೂ ಇದೇ ಆಟ ಆಡ್ತಾಳಲ್ಲ, ಅದಕ್ಕೇ ಆರರ ದೋಣೀನ ಅವಳ ದ್ವೀಪಕ್ಕೆ ಗೊತ್ತು ಮಾಡಿದ್ದೆ. ಒಂದ್ವಾರ ಅಲ್ಲಿದ್ದು ವಾಪಸ್ ಬರ್ತಿತ್ತು."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಕ್ಕನ ಸಂಭ್ರಮದ ದನಿ ಅಡುಗೆಮನೆಯವರೆಗೂ ಕೇಳಿಸಿತು. "ಲೇ, ಆಮೆ ಕಳಿಸ್ತೀನಿ ಅಂದು ಬಿಳಿ ಬಾತುಕೋಳೀನೇ ಕಳ್ಸಿದ್ಯಲ್ಲೇ! ನಿನ್ನಂಥ ತಂಗಿ ಯಾರಿಗಿದ್ದಾರೆ ಹೇಳು! ಇನ್ನು ಇದನ್ನ ಜನ್ಮದಲ್ಲಿ ಯಾರಿಗೂ ಕೊಡಲ್ಲ."

ಹೆಂಡತಿ ಫೋನ್ ಕೆಳಗಿಟ್ಟು ಗಂಡನನ್ನೇ ನೋಡಿದಳು. ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಅವನ ಎರಡು ಜೊತೆ ಬಟ್ಟೆ ಮಡಿಚಿ ಇಡತೊಡಗಿದಳು.

"ಬೆಳಿಗ್ಗೆ ಏಳಕ್ಕೆ ಅಕ್ಕನ ಊರಿಗೆ ಬಸ್ಸಿದೆ," ಎಂದಳು. "ಬಾತುಕೋಳಿ ವಾಪಸ್ ಬರೋವರೆಗೆ ನೀವೂ ಅಲ್ಲೇ ಇರಿ."