ಸಾಹೇಬರು ಕುಡಿದ ಶರಬತ್ತು

ಆ ದಿನ ಗುಮಾಸ್ತ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ನೆಲಮಾಳಿಗೆಯ ಕಡತದ ಕೋಣೆಯಿಂದ ಬೆವರೊರೆಸಿಕೊಳ್ಳುತ್ತ ಅವನು ಮೇಲೆ ಬಂದಾಗ, ಸಾಹೇಬರು ಉಗುರುಬೆಚ್ಚಗಿನ ನೀರು ಕುಡಿದು ಮುಖ ಸಿಂಡರಿಸುತ್ತಿದ್ದರು.

"ಈ ಊರಲ್ಲಿ ಒಂದು ಲೋಟ ಒಳ್ಳೇ ಶರಬತ್ತು ಸಿಗಲ್ವಲ್ಲಯ್ಯ!"

"ಭಾನುವಾರ ನಮ್ಮನೆಗೆ ಬನ್ನಿ ಸಾರ್. ನಾನು ಮಾಡೋ ಕಲ್ಲಂಗಡಿ ಶರಬತ್ತು ಕುಡಿದ್ರೆ ಬೇಸಿಗೆ ಎಲ್ಲಿದೆ ಅಂತ ಹುಡುಕ್ತೀರ!"

ಮಾಡುವವಳು ಹೆಂಡತಿ. 'ನಾನು' ಎಂಬುದು ಬಾಯಿತಪ್ಪಿ ಬಂದದ್ದು. ಆದರೆ ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ, ಫ್ಯಾನಿನ ನೇರ ಕೆಳಗಿನ ಕುರ್ಚಿ ಖಾಲಿಯಾಗಿತ್ತು. ಅದು ಯಾರಿಗೆಂದು ಸಾಹೇಬರು ಸೋಮವಾರ ತೀರ್ಮಾನಿಸುವವರಿದ್ದರು. ಕಿಟಕಿಯೇ ಇಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಬೆಂದವನ ಬಾಯಿ ಅಷ್ಟಾದರೂ ತಪ್ಪಬಾರದೆ?

ತಂಗಿಯ ಬಾಣಂತನಕ್ಕೆ ಹೋಗಿದ್ದ ಹೆಂಡತಿ ಭಾನುವಾರ ಬೆಳಿಗ್ಗೆ ಫೋನಿನಲ್ಲಿ, "ನೀವಾ? ಶರಬತ್ತಾ?" ಎಂದು ಹೊಟ್ಟೆ ತುಂಬ ನಕ್ಕಳು. ನಕ್ಕು ಮುಗಿದ ಮೇಲೆ ಕನಿಕರ ಹುಟ್ಟಿತು. "ಬೀಜ ಎಲ್ಲ ತೆಗೀರಿ, ಅರೆದ್ರೆ ಒಗರಾಗತ್ತೆ. ಪುದೀನ ಕೈಯಲ್ಲೇ ಹಿಸುಕಿ. ನಿಂಬೆರಸ, ಚೂರು ಶುಂಠಿ, ಚಿಟಿಕೆ ಉಪ್ಪು. ಸಕ್ಕರೆ ಕೊನೇಲಿ, ರುಚಿ ನೋಡ್ಕೊಂಡು. ಆಮೇಲೆ, ದಯವಿಟ್ಟು ಅಕ್ಕಪಕ್ಕದವರ ಮಾತು ಕೇಳ್ಬೇಡಿ."

ಮಿಕ್ಕಿದ್ದೆಲ್ಲ ಸುಲಭ, ಕೊನೆಯದೇ ಕಷ್ಟ. ಅವನು ಬೀಜ ಬಿಡಿಸುತ್ತ ಕೂತಿದ್ದಾಗ ಎದುರುಮನೆಯ ಡ್ರಿಲ್ ಮಾಸ್ತರು ಒಳಗೆ ಬಂದೇಬಿಟ್ಟರು.

"ಪೇನು ಹೆಕ್ಕೋ ಹಾಗೆ ಹೆಕ್ತಾ ಇದೀಯಲ್ಲಯ್ಯ! ಶಕ್ತಿ ಇರೋದೇ ಬೀಜದಲ್ಲಿ. ಎತ್ತು! ಹಾಕು! ತಿರುಗಿಸು!"

ಸಾವಿರಾರು ಮಕ್ಕಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ್ದ ಗಂಟಲು ಅದು. ಗುಮಾಸ್ತ ಎತ್ತಿದ, ಹಾಕಿದ, ತಿರುಗಿಸಿದ. ಮುಚ್ಚಳ ಹಿಡಿದುಕೋ ಎಂಬ ಅಪ್ಪಣೆ ಮಾತ್ರ ಬಂದಿರಲಿಲ್ಲ. ಮಿಕ್ಸಿ ಗುಡುಗಿತು, ಮುಚ್ಚಳ ಹಾರಿತು. ಗೋಡೆ, ಸೂರು, ಬನಿಯನ್ನು ಎಲ್ಲ ಕೆಂಪೋ ಕೆಂಪು.

ಸದ್ದು ಕೇಳಿ ಮೇಲ್ಮನೆಯ ನರ್ಸಕ್ಕ ಓಡಿ ಬಂದರು. "ಅಯ್ಯೋ, ಎಲ್ಲಿ ಕೊಯ್ಕೊಂಡೆ?" ಎಂದು ಅವನ ನಾಡಿ ಹಿಡಿದರು. ಪೆಟ್ಟಾದದ್ದು ಕಲ್ಲಂಗಡಿಗೆ ಎಂದು ತಿಳಿದ ಮೇಲೆ ಉಳಿದ ರಸದ ಪಾತ್ರೆ ಹಿಡಿದರು.

"ಬಿಸಿಲಲ್ಲಿ ಬರೋರಿಗೆ ಉಪ್ಪು ಬೇಕಪ್ಪ," ಎಂದು ಎರಡು ಚಮಚ ಸುರಿದರು. "ಶುಂಠಿ ಇಷ್ಟೇನಾ?" ಎಂದು ಮಾಸ್ತರು ಹೆಬ್ಬೆರಳು ಗಾತ್ರದ್ದು ಜಜ್ಜಿದರು. ಗಂಟಲಿಗೆಂದು ಮೆಣಸು ಬಿತ್ತು, ಮೆಣಸಿನ ಖಾರಕ್ಕೆಂದು ಜೇನು ಬಿತ್ತು. 'ಬೇಡ' ಎನ್ನಲು ಬಾರದ ಗುಮಾಸ್ತ ಸೌಟು ಹಿಡಿದು ತಿರುವುತ್ತ ನಿಂತ. ಅಷ್ಟರಲ್ಲಿ ಕರೆಂಟು ಹೋಯಿತು. ಮಾಸ್ತರು ಮೀನಿನಂಗಡಿಗೆ ಓಡಿ ಐಸು ತಂದರು.

"ಮೀನಿನದ್ದಾ ಮಾಸ್ತರೇ?"

"ಮೀನಿಗೆ ಆಗೋ ಐಸು ನಿಮ್ಮ ಸಾಹೇಬರಿಗೆ ಆಗಲ್ವಾ?"

ಗುಮಾಸ್ತ ಒಂದು ಚಮಚ ಬಾಯಿಗೆ ಹಾಕಿಕೊಂಡ. ಸಮುದ್ರಕ್ಕೆ ಜ್ವರ ಬಂದ ಹಾಗಿತ್ತು. ಕಣ್ಣಲ್ಲಿ ನೀರು ಬರುವುದಕ್ಕೂ ಬೀದಿಯಲ್ಲಿ ಸಾಹೇಬರ ಕಾರು ನಿಲ್ಲುವುದಕ್ಕೂ ಸರಿಹೋಯಿತು.

ಅಂಗಿ ಬದಲಿಸಿ ಬರುವಷ್ಟರಲ್ಲಿ ಸಾಹೇಬರ ಕೈಯಲ್ಲಿ ಲೋಟವಿತ್ತು. ನರ್ಸಕ್ಕ ಕೊಟ್ಟಾಗಿತ್ತು. ಕುರ್ಚಿ ಕೈಬಿಟ್ಟಿತು, ಇನ್ನು ಕೆಲಸವೊಂದು ಉಳಿದರೆ ಸಾಕು ಎಂದುಕೊಂಡು ಅವನು ಕಣ್ಣು ಮುಚ್ಚಿದ. ಗಟಗಟ ಸದ್ದು ಕೇಳಿಸಿತು.

"ಆಹಾ! ಇನ್ನೊಂದು ಲೋಟ ಕೊಡಿ!"

ಕಣ್ಣು ಬಿಟ್ಟ. ಸಾಹೇಬರ ಮುಖದಲ್ಲಿ ಹಾಲು ಕುಡಿದ ಮಗುವಿನ ಕಳೆ. ನರ್ಸಕ್ಕ ಹತ್ತಿರ ಬಂದು ಪಿಸುಗುಟ್ಟಿದರು: "ನಿಂದನ್ನ ಒಂದು ಗುಟುಕು ಕುಡಿದು ನೋಡಿ ಮೋರಿಗೆ ಸುರಿದೆ ಕಣೋ. ಇದು ನಾನು ಊಟಕ್ಕೆ ಅಂತ ಮಾಡಿಟ್ಟಿದ್ದ ಕಲ್ಲಂಗಡಿ ಶರಬತ್ತು. ಸುಮ್ನಿರು."

ಗುಮಾಸ್ತನಿಗೆ ಹೆತ್ತ ತಾಯಿಯೂ ಇಷ್ಟು ಮಾಡುತ್ತಿರಲಿಲ್ಲ ಎನಿಸಿತು.

ಮೂರನೆಯ ಲೋಟ ಇಳಿಸಿ ಸಾಹೇಬರು ಮೀಸೆ ಒರೆಸಿಕೊಂಡರು. "ನಿನ್ನಂಥವನನ್ನ ಕಡತದ ಧೂಳಲ್ಲಿ ಕೂರಿಸಿದ್ದು ನನ್ನ ತಪ್ಪಯ್ಯ. ನಾಳೆಯಿಂದ ನಿನಗೆ ಹೊಸ ಜಾಗ."

ಗುಮಾಸ್ತನ ಕತ್ತಿಗೆ ಆಗಲೇ ಫ್ಯಾನಿನ ಗಾಳಿ ಬೀಸಿತು.

"ಆಫೀಸಿನ ಕ್ಯಾಂಟೀನು! ಒಲೆ ಮುಂದೆ ನಿಲ್ಲೋಕಾಗಲ್ಲ ಅಂತ ಅಡುಗೆಯವನು ನಿನ್ನೆ ಓಡಿಹೋದ. ಇನ್ಮೇಲೆ ನೀನೇ ನೋಡ್ಕೋ. ಎಲ್ಲರಿಗೂ ಊಟ, ಟೀ, ಮಧ್ಯಾಹ್ನ ಇದೇ ಶರಬತ್ತು."

ಗುಮಾಸ್ತನಿಗೆ ಭೂಮಿ ಬಾಯಿಬಿಟ್ಟಂತಾಯಿತು. ಮಾನ ಹೋದರೆ ಹೋಗಲಿ ಎಂದು ಕೈ ಮುಗಿದ. "ಸಾರ್, ನಿಜ ಹೇಳ್ತೀನಿ. ಇದು ನಾನು ಮಾಡಿದ್ದಲ್ಲ. ಈ ಅಕ್ಕ ಮಾಡಿದ್ದು. ನನಗೆ ನೀರು ಕಾಯಿಸೋಕೂ ಸರಿಯಾಗಿ ಬರಲ್ಲ."

ಕೈಗೆ ಬಂದ ಬಡ್ತಿಯನ್ನು ಹುಡುಗ ಹೆದರಿ ಕಳೆದುಕೊಳ್ಳುತ್ತಿದ್ದಾನೆ ಎಂದು ನರ್ಸಕ್ಕನ ಕರುಳು ಚುರ್ರೆಂದಿತು.

"ನಂಬಬೇಡಿ ಸಾರ್! ಬೆಳಗ್ಗೆಯಿಂದ ಒಬ್ನೇ ಒದ್ದಾಡಿ ಮಾಡಿದಾನೆ."

"ನಾನೇ ಸಾಕ್ಷಿ!" ಎಂದು ಮಾಸ್ತರು ಎದೆ ಸೆಟೆದು ನಿಂತರು. "ಬೇಕಿದ್ರೆ ಅಡುಗೆಮನೆ ಸೂರು ನೋಡಿ ಸಾರ್!"

ಸಾಹೇಬರು ಎದ್ದು ಗುಮಾಸ್ತನ ಬೆನ್ನು ತಟ್ಟಿದರು. "ಕೈರುಚಿ ಇದ್ದವರು ಸಿಗ್ತಾರೆ. ಜೊತೆಗೆ ಇಷ್ಟು ವಿನಯ ಇದ್ದವರು ಎಲ್ಲಿ ಸಿಗ್ತಾರೆ? ನಾಳೆ ಬೇಗ ಬಂದು ಒಲೆ ಹಚ್ಚು."

ಕಾರು ಹೋಯಿತು. ನರ್ಸಕ್ಕ, ಮಾಸ್ತರು ಇಬ್ಬರ ಮುಖವೂ ಸ್ವಂತ ಮಗ ಪಾಸಾದ ಹಾಗೆ ಅರಳಿತ್ತು. "ನಾವಿಲ್ದೆ ಇದ್ದಿದ್ರೆ ಇವತ್ತು ನಿನ್ನ ಗತಿ ಏನಾಗ್ತಿತ್ತೋ!" ಎಂದರು ನರ್ಸಕ್ಕ.

ಗುಮಾಸ್ತ ಜಗ್ಗಿನ ತಳದಲ್ಲಿ ಉಳಿದಿದ್ದನ್ನು ಲೋಟಕ್ಕೆ ಬಗ್ಗಿಸಿ, ಕೂತು, ನಿಧಾನವಾಗಿ ಕುಡಿದ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು.

"ಅಕ್ಕಾ," ಎಂದ ಸಣ್ಣ ದನಿಯಲ್ಲಿ, "ಇದನ್ನ ಹೇಗೆ ಮಾಡ್ತಾರೆ?"