ಅಕ್ಕ ಓದಿದ ಸೊರಾರಿಟಿ ನಿಯಮಾವಳಿ

ಕಂಪ್ಯೂಟರಿನಲ್ಲಿ ‘ಐ ಅಗ್ರೀ’ ಒತ್ತುವ ಮೊದಲು ಮೇಲಿರುವುದನ್ನೆಲ್ಲ ಓದುವ ಪ್ರಾಣಿ ಈ ಭೂಮಿಯ ಮೇಲೆ ಇದೆಯೇ? ಒಂದಿದೆ, ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ. ನನ್ನ ಅಕ್ಕ. ಹೊಸ ವಾಷಿಂಗ್ ಮಷೀನ್ ಬಂದಾಗ ಅದರ ಪುಸ್ತಕವನ್ನು ಅವಳು ಓದಿ ಮುಗಿಸುವವರೆಗೆ ಭಾವ ನಾಲ್ಕು ದಿನ ಒಂದೇ ಅಂಗಿಯಲ್ಲಿ ಆಫೀಸಿಗೆ ಹೋಗಿದ್ದರು. ಔಷಧದಂಗಡಿಯಲ್ಲಿ ಸಹಿ ಕೇಳಿದರೆ ಅವಳು ಬ್ಯಾಗಿನಿಂದ ಕನ್ನಡಕ ತೆಗೆಯುತ್ತಾಳೆ. ಹಿಂದೆ ನಿಂತವರು ಬೇರೆ ಅಂಗಡಿ ಹುಡುಕುತ್ತಾರೆ.

ಇಂಥ ಅಕ್ಕನ ಕೈಗೆ ಕಳೆದ ಚಳಿಗಾಲ ನನ್ನ ಮಗಳ ಸೊರಾರಿಟಿ ಸಿಕ್ಕಿತು.

ಮಗಳು ನರ್ಸಿಂಗ್ ಓದಬೇಕೆಂದು ಎರಡನೇ ವರ್ಷದಲ್ಲಿ ನ್ಯೂಜೆರ್ಸಿಯ ಕಾಲೇಜಿಗೆ ಬದಲಾಯಿಸಿಕೊಂಡಿದ್ದಳು. ಹಳೆಯ ಕಾಲೇಜಿನಲ್ಲಿ ಅವಳದೊಂದು ಸೊರಾರಿಟಿ ಇತ್ತು. ಅಂದರೆ ಹುಡುಗಿಯರು ಒಬ್ಬರನ್ನೊಬ್ಬರು ‘ಸಿಸ್ಟರ್’ ಎಂದು ಕರೆದುಕೊಳ್ಳುವ ಸಂಘ. ಅದರ ಶಾಖೆ, ಅವರ ಮಾತಿನಲ್ಲಿ ಚಾಪ್ಟರ್, ಹೊಸ ಕಾಲೇಜಿನಲ್ಲೂ ಇತ್ತು. ಆದರೆ ಇವಳನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಅಲ್ಲಿಯವರು ಓಟು ಹಾಕಬೇಕು. ಬರೆದು ಐದು ವಾರವಾದರೂ ಉತ್ತರವಿಲ್ಲ. “ದೇ ಡೋಂಟ್ ವಾಂಟ್ ಮೀ, ಅಮ್ಮಾ” ಎಂದವಳು, ವಾರಾಂತ್ಯಕ್ಕೆ ಜೆರಿಕೋದ ನಮ್ಮ ಮನೆಗೆ ಬಂದರೂ ರೂಮಿನಿಂದ ಹೊರಗೆ ಬರುತ್ತಿರಲಿಲ್ಲ.

ವಿಷಯ ತಿಳಿದು ಬಂದ ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು, “ಅದಕ್ಕೆ ರೂಲ್ಸ್ ಇದ್ಯೇನೇ?”

“ಹ್ಯಾಂಡ್‌ಬುಕ್ ಇದೆ ದೊಡ್ಡಮ್ಮ. ನೋಬಡಿ ರೀಡ್ಸ್ ಇಟ್.”

ಅಕ್ಕನ ಮುಖ ಊರಹಬ್ಬದಷ್ಟು ಅರಳಿತು. ಮರುದಿನ ಫೋನು: “ಲೇ, ಸೊರಾರಿಟಿ ಮನೇಲಿ ಮೊಲ ಸಾಕೋ ಹಾಗಿಲ್ವಂತೆ.”

“ನಮಗ್ಯಾಕಕ್ಕ ಮೊಲ?”

“ಗೊತ್ತಿರ್ಲಿ.”

ಮೂರನೆಯ ದಿನ ದನಿ ಬೇರೆಯಾಗಿತ್ತು. “ಇವಳು ಒಳ್ಳೇ ಮೆಂಬರ್ ಅಂತ ಹಳೇ ಚಾಪ್ಟರ್‌ನವರು ಒಂದು ಕಾಗದ ಕಳಿಸ್ಬೇಕು. ಅದು ಬರೋವರೆಗೂ ಹೊಸಬರು ಓಟು ಹಾಕೋ ಹಾಗೇ ಇಲ್ಲ. ಕಳ್ಸಿದಾರಾ ಕೇಳು.”

ಕಳಿಸಿರಲಿಲ್ಲ. ಪಾಪ, ಅಲ್ಲಿಯ ಕಾರ್ಯದರ್ಶಿ ಹುಡುಗಿ ಮರೆತೇಬಿಟ್ಟಿದ್ದಳು. ಯಾರಿಗೂ ಬೇಡವಾದೆನೆಂದು ಐದು ವಾರ ಅತ್ತ ಮಗಳು ಅಂದು ಮೂರು ದೋಸೆ ತಿಂದಳು.

ಓಟಿನ ಭಾನುವಾರ ಅಕ್ಕ ತಾನೂ ಬರುವೆನೆಂದು ಹಟ ಹಿಡಿದಳು. “ಓಟು ಹಾಕೋವಾಗ ಹೊರಗಿನವರು ಒಳಗಿರಬಾರದು ಅಂತ ಹದಿನೇಳನೇ ಪುಟದಲ್ಲಿದೆ. ಹೊರಗಿರಬಾರದು ಅಂತ ಎಲ್ಲೂ ಇಲ್ಲ.” ಸೀಕಾಕಸ್‌ನಲ್ಲಿ ರೈಲು ಬದಲಿಸಿ ಇಬ್ಬರೂ ಹೋದೆವು. ಕೊರೆಯುವ ಚಳಿಯಲ್ಲಿ ಸೊರಾರಿಟಿ ಮನೆಯ ಎದುರಿನ ಬೆಂಚಿನ ಮೇಲೆ ಮಗಳ ಅಕ್ಕಪಕ್ಕ ಕೂತೆವು.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಕೋಟು ಕೂಡ ಹಾಕಿಕೊಳ್ಳದೆ ನಾಲ್ಕು ಹುಡುಗಿಯರು ಮಗಳ ಹೆಸರು ಕೂಗುತ್ತ ಓಡಿಬಂದು ಅವಳನ್ನು ತಬ್ಬಿ ಒಳಗೆ ಎಳೆದುಕೊಂಡು ಹೋದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಪಕ್ಕಕ್ಕೆ ತಿರುಗಿದರೆ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಪ್ಪಂಗೆ ದಾವಣಗೆರೆಗೆ ವರ್ಗ ಆದಾಗ ನಾನು ಬಿ.ಎಸ್ಸಿ. ಎರಡನೇ ವರ್ಷ” ಎಂದಳು. “ಹೊಸ ಕಾಲೇಜಲ್ಲಿ ಪರೀಕ್ಷೆ ಬರೋವರೆಗೂ ಯಾರೂ ನನ್ನ ಹೆಸರು ಕೇಳ್ಲಿಲ್ಲ ಕಣೇ.”

ನಾನಾಗ ಮೂರನೇ ಕ್ಲಾಸು. ಆ ವರ್ಷವೆಲ್ಲ ಅಕ್ಕ ಕಾಲೇಜು ಮುಗಿಸಿ ನೇರ ಮನೆಗೆ ಬಂದು, ಸೀರೆ ಎತ್ತಿ ಕಟ್ಟಿ, ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅಷ್ಟು ದೊಡ್ಡವಳು ನನ್ನೊಡನೆ ಯಾಕೆ ಆಡುತ್ತಾಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ.